ಕಂಬಳಿಯ ಮರ್ಯಾದೆ

ಮನುಷ್ಯನ ಯೋಗ್ಯತೆಯನ್ನು ಅವನ ಉಡುಪಿನಿಂದ ಅಳೆಯುವ ರೂಢಿ ಎಲ್ಲ ದೇಶಗಳಲ್ಲಿಯೂ ಉಂಟು. ಅದು ಸರಿಯಲ್ಲವೆಂದು ಎಲ್ಲರೂ ಬಲ್ಲರು. ಬಲ್ಲವರೂ ಅದನ್ನು ಬಿಟ್ಟಿಲ್ಲ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಕಂಬಳಿಯನ್ನು ಕುರಿತು. ಜರಿಯ ರುಮಾಲು, ಕಾಶ್ಮೀರದ ಶಾಲು ಮುಂತಾದವುಗಳ ವಿಷಯವಾದರೆ ಶ್ರೋತೃಗಳು ಕುತೂಹಲದಿಂದ ಕಿವಿಗೊಟ್ಟಾರು. ಕಂಬಳಿ ಎಂದೊಡನೆ ಕೆಲವರಿಗೆ ನಗೆ ಬಂದೀತು. ಆ ನಗೆ ಎಲ್ಲಿಂದ ಬರುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನೇ ಸ್ವಲ್ಪ ವಿಚಾರಿಸೋಣ.

ಬೆಳಗಾವಿ ಜಿಲ್ಲೆಯ ನಕ್ಷೆಯನ್ನು ಕಣ್ಣಮುಂದೆ ತಂದುಕೊಳ್ಳಿರಿ. ಪಶ್ಚಿಮಕ್ಕೆ ಸಹ್ಯಾದ್ರಿಯ ಮಳೆಗಾಡು. ಪೂರ್ವಕ್ಕೆ ಹೋದಂತೆಲ್ಲ ಮಳೆ ಕಡಮೆಯಾಗಿ ಬಯಲುಸೀಮೆ ತೆರೆದುಕೊಳ್ಳುತ್ತದೆ. ಈ ಸೀಮೆಯಲ್ಲಿ, ಘಟಪ್ರಭಾ ನದಿ ಹರಿಯುವ ದಿಕ್ಕಿನಲ್ಲಿ, ಹುಕ್ಕೇರಿ, ಗೋಕಾಕ ಮತ್ತು ಇತ್ತೀಚೆಗೆ ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿ ಇವೆ. ಗೋಕಾಕವೆಂದರೆ ನಗರವಾಸಿಗಳಿಗೆ ನೆನಪಾಗುವುದು ಅಲ್ಲಿಯ ಜಲಪಾತ, 1880ರ ದಶಕದಲ್ಲಿ ಆ ನೀರಿನ ಬಲದಿಂದ ನಡೆಯತೊಡಗಿದ ನೂಲಿನ ಗಿರಣಿ, ಮರದ ಬೊಂಬೆ ಮತ್ತು ಕರದಂಟು. ಆದರೆ ಗಿರಣಿ ಬರುವುದಕ್ಕೆ ಬಹು ಮುಂಚಿನಿಂದಲೂ ಇಲ್ಲಿ ಇನ್ನೊಂದು ನೂಲು ಮನೆಮನೆಗಳಲ್ಲಿ ಹುಟ್ಟುತ್ತಿತ್ತು. ಅದು ಕುರಿಯ ಉಣ್ಣೆಯ ನೂಲು. ಹಾಲುಮತದವರೆಂದು ಹೆಸರುಗೊಂಡ ಕುರುಬರು ಈ ಮೂರು ತಾಲ್ಲೂಕುಗಳಲ್ಲಿಯೂ ದಖ್ಖನಿ ಕುರಿಯ ಹಿಂಡುಗಳನ್ನು ಸಾಕಿಕೊಂಡು ಬಂದವರು.

ಕಂಬಳಿ ಹೇಗೆ ಆಗುತ್ತದೆಂಬುದನ್ನು ನಮ್ಮಲ್ಲಿ ಅನೇಕರು ನೋಡಿರಲಾರರು. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಕುರಿಯ ತುಪ್ಪಟವನ್ನು ಕತ್ತರಿಸುತ್ತಾರೆ. ಕಪ್ಪು, ಕಂದು, ಬೂದು, ಬಿಳಿ ಎಂದು ಬಣ್ಣಗಳನ್ನು ಬೇರ್ಪಡಿಸಿ, ಬಿಲ್ಲಿನ ಹೆದೆಯಿಂದ ಮಿಡಿದು ಹಿಂಜಿ, ಹಂಜಿ ಮಾಡುತ್ತಾರೆ. ಹೆಂಗಸರು ಕೈರಾಟೆಯಲ್ಲಿ ನೂಲು ತೆಗೆಯುತ್ತಾರೆ. ಹಾಸಿನ ನೂಲನ್ನು ಉದ್ದಕ್ಕೆ ಹರಡಿ ಅದಕ್ಕೆ ಹುಣಸೆಬೀಜದ ಗಂಜಿಯನ್ನು ಹಚ್ಚಿ ಬಿಸಿಲಿನಲ್ಲಿ ಒಣಗಿಸುತ್ತಾರೆ. ಆಮೇಲೆ ಗಂಡಸರು ನೆಲದಲ್ಲಿ ತೋಡಿದ ಕುಣಿಯ ಮಗ್ಗದಲ್ಲಿ ಕುಳಿತು ನೇಯುತ್ತಾರೆ. ಕರಿಕಂಬಳಿಗೆ ಬಣ್ಣ ಕಟ್ಟುವ ಕೆಲಸವಿಲ್ಲ. ಕುರಿಯ ಮೈಬಣ್ಣವೇ ಅದರ ಬಣ್ಣ. ಅಂಚಿನಲ್ಲಿ ಬಿಳಿಯ ನೂಲಿನ ಒಂದೆರಡು ಗೆರೆಗಳು ಬಂದರೆ ಅದೇ ಅಲಂಕಾರ.

ಈ ಬಟ್ಟೆ ಒರಟು ನಿಜ. ಆದರೆ ಆ ಒರಟುತನಕ್ಕೆ ಒಂದು ಅರ್ಥವುಂಟು. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ನೆನೆದ ಮೇಲೂ ಬೆಚ್ಚಗಿರುತ್ತದೆ. ಮಳೆ ಬಂದಾಗ ಕುರಿಗಾಹಿ ಕಂಬಳಿಯನ್ನು ಕೊಪ್ಪೆಯಾಗಿ ಮಡಿಸಿ ತಲೆಯ ಮೇಲಿಂದ ಹೊದ್ದುಕೊಳ್ಳುತ್ತಾನೆ. ರಾತ್ರಿ ಅದೇ ಅವನ ಹಾಸಿಗೆ, ಅದೇ ಹೊದಿಕೆ. ದಾರಿಯಲ್ಲಿ ಹುಟ್ಟಿದ ಮರಿಯನ್ನು ಹೊತ್ತುಕೊಂಡು ಹೋಗುವ ಜೋಳಿಗೆಯೂ ಅದೇ. ತಿಂಗಳುಗಟ್ಟಲೆ ಮನೆ ಬಿಟ್ಟು ಹಿಂಡಿನ ಹಿಂದೆ ಅಲೆಯುವವನಿಗೆ ಇದಕ್ಕಿಂತ ಹೊಂದುವ ಉಡುಪನ್ನು ಯಾವ ದರ್ಜಿಯೂ ಹೊಲಿದುಕೊಡಲಾರ.

ಇನ್ನು ಕಂಬಳಿಗೆ ಅದರ ಮನೆಯಲ್ಲಿರುವ ಮರ್ಯಾದೆಯನ್ನು ನೋಡಿರಿ. ಹಾಲುಮತದವರ ಮದುವೆಯಲ್ಲಿ, ಬೀರದೇವರ ಪೂಜೆಯಲ್ಲಿ, ಕಂಬಳಿಯನ್ನು ಹಾಸಿ ಗದ್ದುಗೆ ಮಾಡುತ್ತಾರೆ. ಅದರ ಮೇಲೆ ಭಂಡಾರ ಬೀಳುತ್ತದೆ. ಗುರುವಾದವನು, ದೇವರಾದವನು, ಕಂಬಳಿಯ ಮೇಲೆಯೇ ಕೂಡತಕ್ಕದ್ದು. ಕನಕದಾಸರ ಚಿತ್ರವನ್ನು ಬರೆಯುವವರು ಅವರ ಹೆಗಲ ಮೇಲೆ ಕಂಬಳಿಯನ್ನು ಬರೆಯದೆ ಬಿಡುವುದಿಲ್ಲ. ಆ ಚಿತ್ರಕ್ಕೆ ನಾವೆಲ್ಲರೂ ಕೈಮುಗಿಯುತ್ತೇವೆ.

ಚಿತ್ರದಲ್ಲಿರುವ ಕಂಬಳಿಗೆ ಕೈಮುಗಿಯುವ ನಾವು, ಎದುರಿಗೆ ನಡೆದುಬರುವ ಕಂಬಳಿಯನ್ನು ಕಂಡಾಗ ಏನು ಮಾಡುತ್ತೇವೆ? ಸಂತೆಗೆ ಹೊರಟ ಮುದುಕನೊಬ್ಬನು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಸ್ಸು ಹತ್ತಿದರೆ, 'ಅಜ್ಜಾ, ಹಿಂದಕ ನಡಿ' ಎಂಬ ಮಾತು ಮುಂದಿನ ಸೀಟಿನಿಂದ ಬರುತ್ತದೆ. ಪಕ್ಕದಲ್ಲಿ ಕುಳಿತವರು ಅಂಗಿಯನ್ನು ಒತ್ತರಿಸಿಕೊಳ್ಳುತ್ತಾರೆ. ಆ ಮುದುಕನ ಮೊಮ್ಮಗನು ಕಾಲೇಜಿನಲ್ಲಿ ಓದುವವನಾದರೆ, ತನ್ನ ಅಜ್ಜನೊಡನೆ ಪೇಟೆಗೆ ಬರುವಾಗ ಕಂಬಳಿಯನ್ನು ಮನೆಯಲ್ಲಿಯೇ ಬಿಡಬೇಕೆಂದು ಹಟ ಹಿಡಿಯುತ್ತಾನೆ. ಹೊರಗಿನವರ ತಿರಸ್ಕಾರಕ್ಕಿಂತ ಮನೆಯವರ ಈ ನಾಚಿಕೆ ಹೆಚ್ಚು ನೋಯಿಸುವಂಥದು. ಇದು ಹಳ್ಳಿಯ ಮಾತಷ್ಟೇ ಅಲ್ಲ. 2024ರ ಜುಲೈ ತಿಂಗಳಲ್ಲಿ, ರಾಜಧಾನಿಯಾದ ಬೆಂಗಳೂರಿನ ಒಂದು ದೊಡ್ಡ ಮಾರಾಟಮಳಿಗೆಯ ಬಾಗಿಲಲ್ಲಿ, ಪಂಚೆಯುಟ್ಟು ಬಂದ ವೃದ್ಧ ರೈತನೊಬ್ಬನನ್ನು ಆ ಪಂಚೆಯ ಕಾರಣಕ್ಕಾಗಿಯೇ ತಡೆದರು. ಆ ಮಳಿಗೆಯನ್ನು ಏಳು ದಿನ ಮುಚ್ಚಿಸುವುದಾಗಿ ಸರಕಾರವು ಪ್ರಕಟಿಸಬೇಕಾಯಿತು. ಪಂಚೆಗೇ ಈ ಗತಿಯಾದರೆ ಕಂಬಳಿಯ ಪಾಡನ್ನು ಹೇಳಬೇಕೆ?

ಕಂಬಳಿ ಚುಚ್ಚುತ್ತದೆ, ಕುರಿಯ ವಾಸನೆ ಬರುತ್ತದೆ, ಆದ್ದರಿಂದ ಜನ ಹಿಂದೆ ಸರಿಯುತ್ತಾರೆ ಎಂದು ಕೆಲವರು ಸಮಾಧಾನ ಹೇಳಬಹುದು. ಈ ಸಮಾಧಾನ ನಿಲ್ಲುವುದಿಲ್ಲ. ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ನೇಯುವ ಟ್ವೀಡ್ ಎಂಬ ಬಟ್ಟೆಯೂ ಒರಟಾದ ಉಣ್ಣೆಯದೇ, ಅದೂ ಚುಚ್ಚುತ್ತದೆ, ಮಳೆಯಲ್ಲಿ ನೆನೆದರೆ ಅದಕ್ಕೂ ಕುರಿಯ ವಾಸನೆಯೇ. ಆದರೆ ಟ್ವೀಡಿನ ಕೋಟು ತೊಟ್ಟವನನ್ನು ಯಾರೂ ಹಿಂದಿನ ಸೀಟಿಗೆ ಕಳುಹಿಸುವುದಿಲ್ಲ. ಅಂದಮೇಲೆ ನಾವು ಹೇಸುವುದು ಉಣ್ಣೆಗಲ್ಲ. ಅದನ್ನು ಹೊದ್ದವನ ಕುಲಕ್ಕೆ, ಅವನ ಕೆಲಸಕ್ಕೆ, ಅವನ ಬಡತನಕ್ಕೆ. ಅವನ ಹಿಂಡು ಹೊಲದಲ್ಲಿ ತಂಗಿ ಕೊಟ್ಟ ಗೊಬ್ಬರದಿಂದ ಬೆಳೆದ ಜೋಳವನ್ನು ಉಂಡು, ಅವನನ್ನು ಕಂಡಾಗ ಮೂಗು ಮುರಿಯುವುದು, ಕಂಬಳಿಯಲ್ಲಿ ಕುಳಿತು ಉಣ್ಣುತ್ತ ಕೂದಲು ಬಂತೆಂದು ದೂರಿದ ಹಾಗೆಯೇ ಸರಿ.

ಸ್ಕಾಟ್ಲೆಂಡಿನ ಮಾತು ಬಂದುದರಿಂದ ಆ ದೇಶದ ಕಥೆಯನ್ನು ಸ್ವಲ್ಪ ವಿವರಿಸುವುದು ಒಳ್ಳೆಯದು. ಏಕೆಂದರೆ ನಮ್ಮ ಕಂಬಳಿಗೆ ಈಗ ಆಗುತ್ತಿರುವುದು ಅಲ್ಲಿ ಇನ್ನೂರು ವರ್ಷಗಳ ಹಿಂದೆಯೇ ಆಗಿಹೋಗಿದೆ. ಅಲ್ಲಿಯ ಉತ್ತರದ ಗುಡ್ಡಗಾಡಿನ ಜನರು ಹಿಂದೆ ಉದ್ದವಾದ ಒಂದು ಉಣ್ಣೆಯ ಬಟ್ಟೆಯನ್ನು ಸೊಂಟಕ್ಕೆ ನಿರಿಗೆಯಾಗಿ ಬಿಗಿದು, ಉಳಿದ ಭಾಗವನ್ನು ಹೆಗಲ ಮೇಲೆ ಹೊದೆಯುತ್ತಿದ್ದರು. ರಾತ್ರಿ ಬಯಲಲ್ಲಿ ಮಲಗುವಾಗ ಅದೇ ಅವರ ಹೊದಿಕೆ. ನಮ್ಮ ಕುರಿಗಾಹಿಗೆ ಅದನ್ನು ತೋರಿಸಿದರೆ, ಹೆಸರು ಕೇಳದೆಯೇ ಅದರ ಉಪಯೋಗವನ್ನು ಹೇಳಿಬಿಡುತ್ತಿದ್ದನು. ಇದರ ಕೆಳಭಾಗ ಮಾತ್ರ ಉಳಿದು, ಮೊಣಕಾಲಿನವರೆಗೆ ಬರುವ ಕಿಲ್ಟ್ ಎಂಬ ಉಡುಪಾಯಿತು. ಅದರ ಚೌಕಳಿಯ ಬಟ್ಟೆಗೆ ಟಾರ್ಟನ್ ಎಂದು ಹೆಸರು. ದಕ್ಷಿಣದ ಪಟ್ಟಣಗಳ ಸ್ಕಾಟರ ಕಣ್ಣಿಗೆ ಅದು ದನಗಳ್ಳರ, ಅನಾಗರಿಕರ ವೇಷವಾಗಿತ್ತು.

1745ರಲ್ಲಿ ಗುಡ್ಡಗಾಡಿನ ಅನೇಕ ಕುಲಗಳವರು ಅರಸನ ವಿರುದ್ಧ ದಂಗೆಯೆದ್ದರು. ಮರುವರ್ಷ ಕಲೋಡನ್ ಎಂಬ ಬಯಲಿನಲ್ಲಿ ಅವರು ಸೋತರು. ಆ ಕೂಡಲೆ, 1746ರಲ್ಲಿ, ಈ ಉಡುಪನ್ನು ತೊಡಕೂಡದೆಂದು ಕಾಯಿದೆಯಾಯಿತು. ಮೊದಲನೆಯ ತಪ್ಪಿಗೆ ಆರು ತಿಂಗಳ ಸೆರೆ. ಎರಡನೆಯದಕ್ಕೆ ಏಳು ವರ್ಷ ಕಡಲಾಚೆಗೆ ಗಡೀಪಾರು. ಸೈನ್ಯಕ್ಕೆ ಸೇರಿದವರಿಗೆ ಮಾತ್ರ ವಿನಾಯಿತಿ. ಈ ಕಾಯಿದೆ ರದ್ದಾದುದು 1782ರಲ್ಲಿ.

ಮುಂದೆ ನಡೆದುದು ಇನ್ನೂ ವಿಚಿತ್ರ. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋ ನಗರಕ್ಕೆ ಬಂದನು. ಸ್ವಾಗತದ ಏರ್ಪಾಡನ್ನು ವಹಿಸಿಕೊಂಡವನು ಕಾದಂಬರಿಕಾರನಾದ ಸರ್ ವಾಲ್ಟರ್ ಸ್ಕಾಟ್. ದೊರೆ ತಾನೇ ಕಿಲ್ಟ್ ತೊಟ್ಟು ಕಾಣಿಸಿಕೊಂಡನು. ನಿನ್ನೆಯವರೆಗೆ ಅದನ್ನು ಹೀಗಳೆಯುತ್ತಿದ್ದ ಶ್ರೀಮಂತರೆಲ್ಲರೂ ದರ್ಜಿಯ ಮನೆಗೆ ಓಡಿದರು. ಪ್ರತಿಯೊಂದು ಕುಲಕ್ಕೂ ಅನಾದಿಯಿಂದ ಒಂದೊಂದು ಚೌಕಳಿಯುಂಟೆಂಬ ನಂಬಿಕೆ ಬಲವಾಯಿತು. ವಾಸ್ತವವಾಗಿ, ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ಎಂಬ ನೇಯ್ಗೆಯ ವ್ಯಾಪಾರಿಗಳು ತಮ್ಮ 1819ರ ಮಾದರಿ ಪುಸ್ತಕದಲ್ಲಿ ಇನ್ನೂರಕ್ಕೂ ಹೆಚ್ಚು ಚೌಕಳಿಗಳನ್ನು ಬರೆದಿಟ್ಟಿದ್ದರು. ಮೊದಲು ಅಂಕೆಯಿಂದ ಮಾತ್ರ ಗುರುತಿಸುತ್ತಿದ್ದ ಕೆಲವಕ್ಕೆ ಆಮೇಲೆ ಕುಲಗಳ ಹೆಸರು ಅಂಟಿತು. 1842ರಲ್ಲಿ ಇಬ್ಬರು ಸಹೋದರರು, ಹಳೆಯ ಹಸ್ತಪ್ರತಿಯೊಂದರ ಆಧಾರವಿದೆಯೆಂದು ಹೇಳಿಕೊಂಡು, ಕುಲಗಳ ಟಾರ್ಟನ್ನುಗಳ ಒಂದು ಪುಸ್ತಕವನ್ನು ಹೊರಡಿಸಿದರು. ಅದು ಕೃತಕವೆಂದು ಆಮೇಲೆ ತಿಳಿದುಬಂದಿತು. ಅಷ್ಟರಲ್ಲಿ ಅದರಲ್ಲಿದ್ದ ಹಲವು ಮಾದರಿಗಳು ರೂಢಿಗೆ ಬಂದಿದ್ದವು. 'ಈ ಚೌಕಳಿ ತೊಡಲು ನಿನಗೆ ಹಕ್ಕುಂಟೆ?' ಎಂದು ಒಬ್ಬರನ್ನೊಬ್ಬರು ಕೇಳುವ ಹೊಸ ಡಂಭ ಹೀಗೆ ಹುಟ್ಟಿತು. ಇಂಥ ಹಕ್ಕಿಗೆ ಕಾನೂನಿನ ಆಧಾರ ಬಹುಮಟ್ಟಿಗೆ ಇಲ್ಲ. 2009ರಿಂದ ಸ್ಕಾಟ್ಲೆಂಡಿನ ಸರಕಾರಿ ದಾಖಲೆಯಲ್ಲಿ ಯಾರು ಬೇಕಾದರೂ ಹೊಸ ಟಾರ್ಟನ್ನನ್ನು ನೋಂದಾಯಿಸಬಹುದಾಗಿದೆ.

ಈ ಕಥೆಯಲ್ಲಿ ನಾವು ಗಮನಿಸತಕ್ಕ ಅಂಶ ಇನ್ನೊಂದುಂಟು. ಬಟ್ಟೆಗೆ ಅರಮನೆಯ ಗೌರವ ದೊರೆತ ಆ ಕಾಲದಲ್ಲಿಯೇ, ಅದನ್ನು ಉಟ್ಟು ಬಾಳಿದ ಗುಡ್ಡಗಾಡಿನ ಜನರನ್ನು ಅವರ ಜಮೀನುದಾರರು ಹೊಲಮನೆಗಳಿಂದ ಎಬ್ಬಿಸುತ್ತಿದ್ದರು. ಉಣ್ಣೆಯ ವ್ಯಾಪಾರ ಲಾಭಕರವಾಗಿದ್ದುದರಿಂದ ಆ ನೆಲವೆಲ್ಲ ದೊಡ್ಡ ಕುರಿಹಿಂಡುಗಳಿಗೆ ಬೇಕಾಗಿತ್ತು. ಸದರ್‌ಲೆಂಡ್ ಸೀಮೆಯಲ್ಲಿ 1814 ಮತ್ತು 1819ರಲ್ಲಿ ಕಣಿವೆಕಣಿವೆಗಳೇ ಬರಿದಾದವು. ಎಡಿನ್‌ಬರೋ ನಗರದಲ್ಲಿ ಉತ್ಸವ ನಡೆದುದು ಅದಾದ ಮೂರೇ ವರ್ಷಕ್ಕೆ. ಬಟ್ಟೆ ವೇದಿಕೆಯನ್ನೇರಿತು, ಬಟ್ಟೆಯ ಜನ ಹಡಗನ್ನೇರಿ ದೇಶಾಂತರ ಹೋದರು.

ಈಗ ಮತ್ತೆ ಘಟಪ್ರಭೆಯ ದಂಡೆಗೆ ಬರೋಣ. ನಮ್ಮಲ್ಲಿಯೂ ಕಂಬಳಿ ವೇದಿಕೆಯನ್ನೇರಿದೆ. ಸನ್ಮಾನದ ಸಭೆಗಳಲ್ಲಿ, ಚುನಾವಣೆಯ ಭಾಷಣಗಳಲ್ಲಿ, ಹೊಸ ಕರಿಕಂಬಳಿಯನ್ನು ಮುಖಂಡರಿಗೆ ಹೊದಿಸುವ ಪದ್ಧತಿ ಬೆಳೆದಿದೆ. 2021ರ ಅಕ್ಟೋಬರ್ ತಿಂಗಳಲ್ಲಿ, ಸಿಂದಗಿ ಮತ್ತು ಹಾನಗಲ್ಲ ಕ್ಷೇತ್ರಗಳ ಉಪಚುನಾವಣೆಯ ಕಾಲಕ್ಕೆ, ಕಂಬಳಿ ಹೊದೆಯುವ ಯೋಗ್ಯತೆ ಯಾರಿಗುಂಟು, ಯಾರಿಗಿಲ್ಲವೆಂದು ರಾಜಕಾರಣಿಗಳಲ್ಲಿ ಬಹಿರಂಗವಾದ ವಾದವೇ ನಡೆಯಿತು. ನಗರದ ಅಂಗಡಿಗಳಲ್ಲಿ ಇದೇ ಉಣ್ಣೆಯ ನೆಲಹಾಸು, ಕೈಚೀಲಗಳು ಅಭಿರುಚಿಯ ಗುರುತಾಗಿ ಮಾರಾಟಕ್ಕೆ ಬಂದಿವೆ. ಹಿಂದೆ ಕಂಬಳಿಯನ್ನು ಹೊದ್ದುದಕ್ಕೆ ನಗುತ್ತಿದ್ದರು. ಈಗ ಹೊದೆಯಲು ನೀನು ಯಾರೆಂದು ಕೇಳುತ್ತಾರೆ. ಮಾತು ಬೇರೆಯಾದರೂ ಮನೋಭಾವ ಒಂದೇ. ಎರಡರಲ್ಲಿಯೂ ಬಟ್ಟೆ ಜನರನ್ನು ಮೇಲುಕೀಳು ಮಾಡುವ ಅಳತೆಗೋಲಾಗಿದೆ.

ಅಷ್ಟರಲ್ಲಿ ಕಂಬಳಿಯ ಜನರ ಸ್ಥಿತಿ ಏನಾಗಿದೆ? ನದಿಗೆ ಹಿಡಕಲ್ಲಿನಲ್ಲಿ ಅಣೆಕಟ್ಟಾಗಿ, ಕಾಲುವೆಗಳು ಹರಿದು, ಬಯಲಿನ ಬಹುಭಾಗ ಕಬ್ಬಿನ ಗದ್ದೆಯಾಯಿತು. ಅದು ರೈತನಿಗೆ ಒಳ್ಳೆಯದೇ ಆಯಿತು. ಆದರೆ ಬೆಳೆ ತೆಗೆದ ಮೇಲೆ ಹಿಂಡು ಮೇಯುತ್ತಿದ್ದ ಬೀಳುಹೊಲಗಳು ಕಡಮೆಯಾದವು. ಗಿರಣಿಯ ಕೃತಕ ನೂಲಿನ ಹೊದಿಕೆಗಳು ಅಗ್ಗದ ಬೆಲೆಗೆ ಹಳ್ಳಿಯ ಸಂತೆಗೂ ಬಂದವು. ಒರಟು ಉಣ್ಣೆಗೆ ಕೊಳ್ಳುವವರಿಲ್ಲದೆ, ಕತ್ತರಿಸಿದ ತುಪ್ಪಟವನ್ನು ಬಯಲಲ್ಲಿಯೇ ಚೆಲ್ಲಿ ಹೋಗುವುದುಂಟು. ತುಪ್ಪಟವಿಲ್ಲದ, ಮಾಂಸಕ್ಕೆ ಮಾತ್ರ ಬೇಕಾದ ತಳಿಗಳನ್ನು ಸಾಕುವುದೇ ಲೇಸೆಂದು ಕುರಿಗಾರರು ಎಣಿಸತೊಡಗಿದ್ದಾರೆ. ರಾಟೆಯ ಮುಂದೆ ಕುಳಿತವರು ಬಹುಮಟ್ಟಿಗೆ ಮುದುಕಿಯರು; ಮಗ್ಗದ ಕುಣಿಗೆ ಇಳಿಯಲು ಮಕ್ಕಳಿಗೆ ಮನಸ್ಸಿಲ್ಲ. ಅವರನ್ನು ತಪ್ಪೆನ್ನುವಂತಿಲ್ಲ. ಅಜ್ಜನು ಹೊದ್ದಾಗ ನಗೆಗೀಡಾದ ಬಟ್ಟೆಯನ್ನು ಮೊಮ್ಮಗನು ಯಾವ ಹುರುಪಿನಿಂದ ನೇಯಬೇಕು?

ಇದಕ್ಕೆ ದಾರಿಯೇ ಇಲ್ಲವೆಂದಲ್ಲ. ಮೇಲೆ ಹೇಳಿದ ಟ್ವೀಡಿನ ಕಥೆಯನ್ನೇ ಪೂರ್ತಿ ಮಾಡುತ್ತೇನೆ. 1993ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಹ್ಯಾರಿಸ್ ಟ್ವೀಡಿಗಾಗಿಯೇ ಒಂದು ಕಾಯಿದೆಯನ್ನು ಮಾಡಿತು. ಹೊರ ಹೆಬ್ರಿಡೀಸ್ ದ್ವೀಪಗಳಲ್ಲಿ ಬಣ್ಣ ಕಟ್ಟಿ ನೂತ ಉಣ್ಣೆಯಿಂದ, ಅಲ್ಲಿಯ ನಿವಾಸಿಗಳು ತಮ್ಮ ಮನೆಗಳಲ್ಲಿ ಕೈಯಿಂದ ನೇಯ್ದ ಬಟ್ಟೆಗೆ ಮಾತ್ರ ಆ ಹೆಸರು ಸಲ್ಲತಕ್ಕದ್ದೆಂದು ಅದರ ಅರ್ಥ. ಆ ಕಾಯಿದೆ, ತೊಡುವವನು ಯಾವ ಕುಲದವನೆಂದು ಕೇಳುವುದಿಲ್ಲ. ನೇಯ್ದವನು ಎಲ್ಲಿಯವನೆಂದು ಕೇಳುತ್ತದೆ. ಒಂದೇ ದೇಶದ ಎರಡು ಉಣ್ಣೆಬಟ್ಟೆಗಳಲ್ಲಿ ಒಂದರ ಗೌರವ ತೊಟ್ಟವರ ಕಡೆಗೆ ಹೋಯಿತು, ಇನ್ನೊಂದರ ಗೌರವ ನೇಯ್ದವರ ಕಡೆಗೆ ಬಂದಿತು. ನಮ್ಮ ದೇಶದಲ್ಲಿಯೂ 1999ರ ಕಾಯಿದೆಯ ಪ್ರಕಾರ ಇಳಕಲ್ಲ ಸೀರೆ, ಮೈಸೂರು ರೇಷ್ಮೆಗಳಿಗೆ ಊರಿನ ಹೆಸರಿನ ರಕ್ಷಣೆ ದೊರೆತಿದೆ. ಮಾರ್ಗ ನಮಗೂ ಅಪರಿಚಿತವಲ್ಲ.

ಆದರೆ ಕಾಯಿದೆಗಿಂತ ಮೊದಲು ಬೇಕಾದುದು ನಮ್ಮ ದೃಷ್ಟಿಯ ತಿದ್ದುಪಡಿ. ಕಂಬಳಿಯನ್ನು ಯಾರು ಹೊದೆಯಬಹುದೆಂಬ ಪ್ರಶ್ನೆಗೆ ಉತ್ತರ ಸರಳವಾದುದು: ಚಳಿಯಾದವರೆಲ್ಲರೂ ಹೊದೆಯಬಹುದು. ಕೇಳತಕ್ಕ ಪ್ರಶ್ನೆ ಬೇರೆ ಇದೆ. ಇದನ್ನು ನೂತವಳಿಗೆ, ನೇಯ್ದವನಿಗೆ, ಕೈಗೆ ಎಷ್ಟು ಬಂದಿತು? ಮುಂದಿನ ಸಲ ಶ್ರೋತೃಗಳಲ್ಲಿ ಯಾರಾದರೂ ಗೋಕಾಕದ ಜಲಪಾತವನ್ನು ನೋಡಲು ಹೋದರೆ, ಹಿಂದಿರುಗುವಾಗ ಕರದಂಟಿನ ಜೊತೆಗೆ ಒಂದು ಕಂಬಳಿಯನ್ನೂ, ಚೌಕಾಸಿ ಮಾಡದೆ, ತರುವ ವಿಚಾರವನ್ನು ಮಾಡಲಿ. ದಾರಿಯಲ್ಲಿ ಬಸ್ಸಿನೊಳಕ್ಕೆ ಕಂಬಳಿ ಹೊದ್ದ ಮುದುಕನೊಬ್ಬನು ಬಂದರೆ, ಸ್ವಲ್ಪ ಸರಿದು ಅವನಿಗೂ ಜಾಗ ಕೊಡಲಿ.