ಶೆಲ್ಟರ್‌ಗೆ ಬಿಟ್ಟ ನಾಯಿ ಏನಾಗುತ್ತೆ?

ನಮ್ಮ ಹನೂರು ತಾಲೂಕಿನ ಶಾಗ್ಯದ ಕಡೆ ನಾಯಿ ಅಂದ್ರೆ ಮನೆ, ಹೊಲ ಕಾಯೋ ಪ್ರಾಣಿ. ಸಿಟಿಯಲ್ಲಿ ಪಿಜಿ ಬದಲಾದ್ರೆ, ಕೆಲಸ ಸಿಕ್ಕಿದ್ರೆ "ಶೆಲ್ಟರ್‌ಗೆ ಬಿಟ್ರೆ ಆಯ್ತು" ಅಂತಾರೆ.

ಶೆಲ್ಟರನ್ನು ನೀರಿನ ಟ್ಯಾಂಕ್ ಅಂದುಕೊಳ್ಳಿ. ದತ್ತು ಹೋಗುವ ನಾಯಿಗಳಿಗಿಂತ ಬರುವ ನಾಯಿಗಳು ಜಾಸ್ತಿಯಾದರೆ ತುಂಬಿಬಿಡುತ್ತದೆ. ಅಮೆರಿಕದಲ್ಲಿ ಜಾಗ ಸಾಲದಿದ್ದರೆ ಎಷ್ಟೋ ಶೆಲ್ಟರ್‌ಗಳು ಆರೋಗ್ಯವಾಗಿರುವ ನಾಯಿಗೂ ಇಂಜೆಕ್ಷನ್ ಕೊಟ್ಟು ಸಾಯಿಸುತ್ತವೆ. ನಮ್ಮಲ್ಲಿ ವಾಸಿಯಾಗದ ಕಾಯಿಲೆ, ಮಾರಣಾಂತಿಕ ಗಾಯ ಇದ್ದರೆ ಮಾತ್ರ ದಯಾಮರಣ. ಅದು ಒಳ್ಳೆಯದೇ, ಆದರೆ ಟ್ಯಾಂಕ್ ಖಾಲಿಯಾಗಲ್ಲ. ಕಿಕ್ಕಿರಿದ ಗೂಡುಗಳಲ್ಲಿ ಪಾರ್ವೊ, ಡಿಸ್ಟೆಂಪರ್ ಬೇಗ ಹರಡುತ್ತವೆ. ಬೀದಿನಾಯಿಯನ್ನಾದರೆ ಆಪರೇಷನ್ ಮಾಡಿ, ಲಸಿಕೆ ಹಾಕಿ ಅದರ ಜಾಗಕ್ಕೇ ಬಿಡಬಹುದು. ಸೋಫಾ ಮೇಲೆ ಬೆಳೆದ ಲ್ಯಾಬ್ರಡಾರ್‌ಗೆ ಬೀದಿ ಗೊತ್ತಿಲ್ಲ.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣಗಳ ಬೀದಿನಾಯಿಗಳನ್ನು ಶೆಲ್ಟರ್‌ಗೆ ಸೇರಿಸಿ, ವಾಪಸ್ ಬಿಡಬೇಡಿ ಅಂದಿತು. ಅಂದ್ರೆ ಟ್ಯಾಂಕಿಗೆ ಇನ್ನೊಂದು ನಲ್ಲಿ.

ಸಾಕಿದ ಪ್ರಾಣಿಯನ್ನು ಹಸಿವಿನಿಂದ ನರಳುವಂತೆ ಬಿಟ್ಟುಹೋಗುವುದು 1960ರ ಕಾಯ್ದೆ ಪ್ರಕಾರ ಅಪರಾಧ. ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ ಅಷ್ಟೇ! ಕಾನೂನಿಗೆ ಯಾರೂ ಹೆದರಲ್ಲ.

ಹಾಗಾಗಿ ಲೆಕ್ಕ ನಾವೇ ಹಾಕಬೇಕು. ಲ್ಯಾಬ್ರಡಾರ್ 10-12 ವರ್ಷ ಬದುಕುತ್ತೆ, ನಮ್ಮ ಬಿಇ 4 ವರ್ಷ. ಉಳಿದ ವರ್ಷ ಯಾರು ನೋಡ್ಕೋತಾರೆ ಅಂತ ಮರಿ ತರೋ ಮುಂಚೆನೇ ಕೇಳ್ಕೊಳ್ಳಿ.