ಉತಾರ ಕೇಳುವವರು ವೀಸಾ ಯಾಕೆ ಕೇಳುವುದಿಲ್ಲ?

ಮುಧೋಳ, ಜಮಖಂಡಿ, ಬೀಳಗಿ ಕಡೆ ಸಂಬಂಧದ ಮಾತು ಶುರುವಾದರೆ ಕನ್ಯಾದವರು ಹುಡುಗನ ಮನೆತನ, ಹೊಲದ ಉತಾರ, ನೀರಾವರಿ ಎಷ್ಟು, ಸಾಲ ಎಷ್ಟು ಎಂದು ಒಂದೂ ಬಿಡದೆ ವಿಚಾರಿಸುತ್ತಾರೆ. ಹುಡುಗ ಅಮೆರಿಕದಲ್ಲಿದ್ದಾನೆ ಎಂದೊಡನೆ ಆ ಎಚ್ಚರ ಎಲ್ಲಿಗೆ ಹೋಗುತ್ತದೋ, ಪಗಾರವೊಂದನ್ನು ಕೇಳಿ ಸುಮ್ಮನಾಗುತ್ತಾರೆ. ಮಗಳು ಅಲ್ಲಿ ದುಡಿಯಬಹುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಳಿಯನ ಪಗಾರದಿಂದಲ್ಲ, ಅವನ ಪಾಸ್‌ಪೋರ್ಟಿನಲ್ಲಿರುವ ವೀಸಾದಿಂದ.

ಎಚ್-1ಬಿ ವೀಸಾದವನ ಹೆಂಡತಿಗೆ ಸಿಗುವುದು ಎಚ್-4. ಅದರ ಮೇಲೆ ಅಲ್ಲಿ ಇರಬಹುದು, ಓದಬಹುದು, ನೌಕರಿ ಮಾಡುವಂತಿಲ್ಲ. 2015ರ ಮೇ ತಿಂಗಳಿಂದ ಒಂದು ಸಡಿಲಿಕೆ ಇದೆ: ಗಂಡನ ಪರವಾಗಿ ಕಂಪನಿ ಸಲ್ಲಿಸುವ ಐ-140 ಎಂಬ ಗ್ರೀನ್ ಕಾರ್ಡ್ ಅರ್ಜಿ ಮಂಜೂರಾಗಿದ್ದರೆ ಹೆಂಡತಿ ಕೆಲಸದ ಪರವಾನಗಿ ಕೇಳಬಹುದು. ಅಂದರೆ ಬಾಗಲಕೋಟೆಯಲ್ಲಿ ಓದಿ ಪಡೆದ ಬಿ.ಇ. ಪದವಿ ಅಲ್ಲಿ ಉಪಯೋಗಕ್ಕೆ ಬರಬೇಕಾದರೆ ಗಂಡನ ಕಂಪನಿ ಮನಸ್ಸು ಮಾಡಬೇಕು. ಅದೇ ಹುಡುಗ ಕಂಪನಿಯ ಒಳಗೇ ವರ್ಗವಾಗಿ ಎಲ್-1 ವೀಸಾದಲ್ಲಿ ಹೋಗಿದ್ದರೆ, 2021ರ ನವೆಂಬರ್‌ನಿಂದ ಹೆಂಡತಿಗೆ ಬೇರೆ ಪರವಾನಗಿಯೇ ಬೇಕಿಲ್ಲ. ಜರ್ಮನಿಯ ಬ್ಲೂ ಕಾರ್ಡ್ ಇದ್ದವನ ಹೆಂಡತಿ ಮೊದಲೇ ಜರ್ಮನ್ ಪರೀಕ್ಷೆ ಬರೆಯಬೇಕಿಲ್ಲ, ಹೋದ ಮೇಲೆ ದುಡಿಯಬಹುದು. ಈ ಮೂವರ ಪಗಾರವೂ ಒಂದೇ ಇರಬಹುದು, ಹೆಂಡಂದಿರ ಬದುಕು ಒಂದೇ ಅಲ್ಲ. (ಹುಡುಗಿಯೇ ಅಲ್ಲಿದ್ದು ಗಂಡ ಹಿಂದೆ ಹೋಗುವುದಾದರೆ ಇದೆಲ್ಲ ಗಂಡನಿಗೂ ಲಾಗೂ.)

ವೀಸಾ ಕಾಗದ ಕೇಳಿದರೆ ಬೀಗರ ಮೇಲೆ ನಂಬಿಕೆಯಿಲ್ಲ ಎಂದಂತಾಗುತ್ತದೆ ಎನ್ನುವವರಿದ್ದಾರೆ. ಉತಾರ ನೋಡುವಾಗ ಯಾರಿಗೂ ಹಾಗೆ ಅನಿಸಿಲ್ಲವಲ್ಲ! ಎಚ್-4 ಪೂರ್ತಿ ಗಂಡನ ವೀಸಾಕ್ಕೆ ಜೋತುಬಿದ್ದಿದೆ. ಅವನ ನೌಕರಿ ಹೋದರೆ ಅದಕ್ಕೂ ಕುತ್ತು, ವಿಚ್ಛೇದನವಾದರೆ ಅದು ಮುಗಿದಂತೆ. ರಾಷ್ಟ್ರೀಯ ಮಹಿಳಾ ಆಯೋಗ ಅನಿವಾಸಿ ಭಾರತೀಯರ ಮದುವೆ ದೂರುಗಳಿಗೆಂದೇ 2009ರಲ್ಲಿ ಪ್ರತ್ಯೇಕ ಘಟಕ ತೆರೆಯಬೇಕಾಯಿತು. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ನಿಯಮ ಇಂದು ಇದ್ದಂತೆ ನಾಳೆ ಇರುವುದಿಲ್ಲ, ಕೇಳಿ ಏನು ಪ್ರಯೋಜನ? ನಿಜ. ಬ್ರಿಟನ್ 2024ರ ಮಾರ್ಚ್ 11ರಿಂದ ಆರೈಕೆ ಕೆಲಸಕ್ಕೆ ಹೊಸದಾಗಿ ಬರುವವರು ಹೆಂಡತಿ ಮಕ್ಕಳನ್ನು ಕರೆತರದಂತೆ ಮಾಡಿತು; ಕೆನಡಾ 2025ರ ಜನವರಿಯಲ್ಲಿ ಸಂಗಾತಿಗಳ ಕೆಲಸದ ಪರವಾನಗಿಯನ್ನು ಬಿಗಿಗೊಳಿಸಿತು. ಆದರೆ ಎರಡೂ ಕಡೆ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳಲಿಲ್ಲ. ಯಾವ ಕೆಲಸ, ಯಾವ ವೀಸಾ ಎಂಬುದರ ಮೇಲೆ ಹೋಯಿತು. ಕೇಳಬೇಕಾದದ್ದೂ ಅದನ್ನೇ.

ಗಂಡಿನ ತಂದೆತಾಯಿಗೂ ಇದರಲ್ಲಿ ಪಾಲಿದೆ. ಮಗನಿಗೆ ಗ್ರೀನ್ ಕಾರ್ಡ್ ಸಿಕ್ಕರೂ ಅವರನ್ನು ಕಾಯಂ ಕರೆಸಿಕೊಳ್ಳಲಾಗದು, ಅವನು ಅಮೆರಿಕದ ಪೌರನಾಗಬೇಕು. ಕೆನಡಾದ ಸೂಪರ್ ವೀಸಾದಲ್ಲಾದರೆ ಒಮ್ಮೆ ಹೋದವರು ಐದು ವರ್ಷದವರೆಗೆ ಇರಬಹುದು.

ಊರಲ್ಲೇ ಮುಗಿಸಬೇಕಾದ ಕೆಲಸವೂ ಇದೆ. ಮದುವೆ ನೋಂದಣಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದ್ದರೂ ನಮ್ಮಲ್ಲಿ ಬಹಳ ಮಂದಿಗೆ ಸಬ್ ರಿಜಿಸ್ಟ್ರಾರ್ ಕಚೇರಿ ನೆನಪಾಗುವುದು ವೀಸಾ ಅರ್ಜಿ ತುಂಬುವಾಗ. ಅಷ್ಟರಲ್ಲಿ ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು, ಪಾಸ್‌ಪೋರ್ಟಿನಲ್ಲಿ ತವರಿನದು, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕೆಂದು ಪಾಸ್‌ಪೋರ್ಟ್ ಕಚೇರಿ ಕೇಳುವುದಿಲ್ಲ. ತವರಿನ ಹೆಸರಿನ ಪಾಸ್‌ಪೋರ್ಟ್ ಇಟ್ಟುಕೊಂಡೇ ಮದುವೆ ಪ್ರಮಾಣಪತ್ರ ಜೋಡಿಸಿ ಎಚ್-4 ಅರ್ಜಿ ಹಾಕಬಹುದು. ಹೆಸರು ಬದಲಿಸುವುದೇ ಆದರೆ ಅರ್ಜಿಗೆ ಮೊದಲೇ ಎಲ್ಲ ಕಾಗದಗಳಲ್ಲೂ ಬದಲಿಸಿಕೊಳ್ಳುವುದು ಲೇಸು.