ಮತ್ತೆ ಮತ್ತೆ ಕೆಡುವ ಬ್ರೇಕು

ಕಾರಿನ ಬ್ರೇಕ್ ಪ್ಯಾಡು ಸವೆಯುವುದು ದೋಷವೇನಲ್ಲ. ಸವೆಯುವುದಕ್ಕೆಂದೇ ಅದು ನಿರ್ಮಿತವಾಗಿದೆ. ಆದರೆ ಸಾಧಾರಣ ಓಡಾಟದಲ್ಲಿ 30,000 ಕಿಲೋಮೀಟರುಗಳಾದರೂ ಬಾಳತಕ್ಕ ಪ್ಯಾಡು 8,000 ಕಿಲೋಮೀಟರಿಗೇ ತಗಡು ಕಾಣುವಷ್ಟು ಸವೆದು, ಬದಲಿಸಿದ ಕೆಲವು ತಿಂಗಳಲ್ಲಿ ಅದೇ ಚಕ್ರದ ಹೊಸ ಪ್ಯಾಡಿಗೂ ಅದೇ ದುರ್ಗತಿಯೊದಗಿದಾಗ, ಮಾಲೀಕನಾದವನು ಅಂಗಡಿಯವನು ನಕಲಿ ಮಾಲು ಕೊಟ್ಟನೆಂದು ಶಂಕಿಸುತ್ತಾನೆ, ಇಲ್ಲವೇ ಮತ್ತಷ್ಟು ಬೆಲೆಯುಳ್ಳದ್ದನ್ನು ಅರಸಿಕೊಂಡು ಹೋಗುತ್ತಾನೆ. ನಕಲಿ ಮಾಲು ಪೇಟೆಯಲ್ಲಿ ಇಲ್ಲವೆಂದಲ್ಲ. ಆದರೂ ಒಂದೇ ಸ್ಥಾನದಲ್ಲಿ ಒಂದೇ ಭಾಗವು ಪುನಃ ಪುನಃ ಹಾಳಾಗುತ್ತಿರುವಾಗ, ಹಾಳಾದದ್ದು ಬಹುಮಟ್ಟಿಗೆ ನಿರಪರಾಧಿಯೇ ಆಗಿರುತ್ತದೆ. ಅಪರಾಧಿಯು ಅದರ ನೆರೆಯಲ್ಲಿಯೋ, ದೂರದ ಕೊಳವೆಯಲ್ಲಿಯೋ, ಒಮ್ಮೊಮ್ಮೆ ಚಾಲಕನ ಪೀಠದಲ್ಲಿಯೋ ಕುಳಿತಿರುವುದುಂಟು.

ಸುತ್ತಲೂ ಮುಚ್ಚಿದ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದೆಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ಕಂಡ ನಿಯಮವೇ ಇಂದಿನ ಬ್ರೇಕಿಗೂ ಆಧಾರ. ಪೆಡಲನ್ನು ಒತ್ತಿದೊಡನೆ ಮಾಸ್ಟರ್ ಸಿಲಿಂಡರು ಬ್ರೇಕ್ ಆಯಿಲನ್ನು ತಳ್ಳುತ್ತದೆ; ಆಯಿಲು ಚಕ್ರದ ಬಳಿಯ ಪಿಸ್ಟನ್ನನ್ನು ತಳ್ಳುತ್ತದೆ; ಪಿಸ್ಟನ್ನಿನ ಒತ್ತಡದಿಂದ ಎರಡು ಪ್ಯಾಡುಗಳು ತಿರುಗುವ ಡಿಸ್ಕನ್ನು ಇಕ್ಕುಳದಂತೆ ಹಿಡಿಯುತ್ತವೆ. ಹಿಡಿಯುವ ಈ ವಿಚಾರವನ್ನು ಎಲ್ಲರೂ ಬಲ್ಲರು. ಬಿಡುವ ವಿಚಾರವನ್ನು ನೆನೆಯುವವರು ಕಡಮೆ. ಪಾದವನ್ನೆತ್ತಿದಾಗ ಪಿಸ್ಟನ್ನನ್ನು ಹಿಂದಕ್ಕೆಳೆಯಲು ಸಾಮಾನ್ಯವಾಗಿ ಅಲ್ಲಿ ಯಾವ ಬಲವಾದ ಸ್ಪ್ರಿಂಗೂ ಇರುವುದಿಲ್ಲ. ಒತ್ತುವಾಗ ಕೊಂಚ ಬಾಗಿದ್ದ ರಬ್ಬರ್ ಸೀಲು ಮೊದಲಿನ ಆಕಾರಕ್ಕೆ ಮರಳುತ್ತ ಅದನ್ನು ಕೂದಲೆಳೆಯಷ್ಟು ಹಿಂದಕ್ಕೊಯ್ಯುತ್ತದೆ, ಅಷ್ಟೆ. ಇಷ್ಟು ಸೂಕ್ಷ್ಮವಾದ ಬಿಡುಗಡೆಗೆ ಎಲ್ಲಿ ಕಿಂಚಿತ್ ಅಡ್ಡಿ ಬಂದರೂ ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಮತ್ತೆ ಮತ್ತೆ ಮರುಕಳಿಸುವ ಬ್ರೇಕಿನ ರೋಗಗಳಲ್ಲಿ ಹೆಚ್ಚಿನವು ಈ ಬಿಡಲಾರದ ರೋಗದ ನಾನಾ ರೂಪಗಳೆಂದೇ ನನ್ನ ಅಭಿಪ್ರಾಯ.

ಆದುದರಿಂದ ಹಳೆಯ ಪ್ಯಾಡುಗಳನ್ನು ಗುಜರಿಗೆ ಹಾಕುವ ಮೊದಲು, ಯಾವುದು ಯಾವ ಚಕ್ರದ್ದು, ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಗುರುತು ಮಾಡಿಸಿ ನೋಡತಕ್ಕದ್ದು. ಒಳಗಿನದು ತೀರ ಸವೆದು ಹೊರಗಿನದು ದಪ್ಪವಾಗಿಯೇ ಉಳಿದಿದ್ದರೆ, ಪಿಸ್ಟನ್ನನ್ನೂ ಪ್ಯಾಡುಗಳನ್ನೂ ಹೊತ್ತಿರುವ ಕ್ಯಾಲಿಪರು ಅತ್ತಿತ್ತ ಜಾರುವುದಕ್ಕಾಗಿ ಇರುವ ಪಿನ್ನುಗಳು ತುಕ್ಕಿನಿಂದಲೋ ಒಣಗಿದ ಗ್ರೀಸಿನಿಂದಲೋ ಜಾಮ್ ಆಗಿವೆಯೆಂದು ಮೊದಲು ಶಂಕಿಸಬೇಕು. ಉಪ್ಪುಗಾಳಿ ಬೀಸುವ ಕರಾವಳಿಯಲ್ಲಿ ಈ ಶಂಕೆಗೆ ಇನ್ನಷ್ಟು ಪುಷ್ಟಿಯುಂಟು. ಎರಡೂ ಸಮನಾಗಿ, ಆದರೆ ಒಂದೇ ಚಕ್ರದಲ್ಲಿ ಬೇಗನೆ ಸವೆದಿದ್ದರೆ, ಅಲ್ಲಿ ಒತ್ತಡವು ಮರಳಿ ಹೋಗದೆ ನಿಂತಿದೆಯೋ ಎಂದು ವಿಚಾರಿಸಬೇಕು.

ಈ ವಿಚಾರಣೆಯ ಕ್ರಮವು ನುರಿತ ಮೇಸ್ತ್ರಿಗೆ ಕಷ್ಟದ್ದೇನಲ್ಲ. ಕಾರನ್ನು ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೆಡಲನ್ನು ಒತ್ತಿ ಬಿಟ್ಟ ಮೇಲೂ ಚಕ್ರವು ಬಿಗಿಯಾಗಿಯೇ ಇದೆಯೆಂದು ಖಚಿತವಾದ ತರುವಾಯ, ಮೊದಲು ಮಾಸ್ಟರ್ ಸಿಲಿಂಡರಿನ ಬಳಿ ಕೊಳವೆಯ ಜೋಡಣೆಯನ್ನು ಸಡಿಲಿಸುತ್ತಾರೆ. ಚಕ್ರವು ಆಗಲೇ ಹಗುರವಾಗಿ ತಿರುಗಿದರೆ ದೋಷವು ಮೇಲ್ಗಡೆಯದು: ಪಾದದ ಬಲವನ್ನು ಹೆಚ್ಚಿಸುವ ಬೂಸ್ಟರಿನ ರಾಡು ಅಳತೆ ಮೀರಿ ಉದ್ದವಾಗಿ, ಆಯಿಲು ತೊಟ್ಟಿಗೆ ಮರಳಬೇಕಾದ ಸೂಕ್ಷ್ಮ ರಂಧ್ರವು ಸದಾ ಮುಚ್ಚಿರಬಹುದು. ಅದರಿಂದ ಬಿಡದೆ, ಚಕ್ರದ ಬಳಿಯ ನಿಪ್ಪಲನ್ನು ತೆರೆದಾಗ ಮಾತ್ರ ಬಿಟ್ಟರೆ ನಡುವಿನ ರಬ್ಬರ್ ಹೋಸು ದೋಷಿ. ಹೊರಗೆ ಹೊಸದರಂತೆಯೇ ಹೊಳೆಯುವ ಹೋಸು ಒಳಗೆ ಊದಿಕೊಂಡು, ಪಾದದ ಬಲಕ್ಕೆ ಆಯಿಲನ್ನು ಮುಂದಕ್ಕೆ ಬಿಟ್ಟು, ಮರಳುವಾಗ ತಡೆಯುತ್ತದೆ. ಎರಡನ್ನೂ ತೆರೆದ ಮೇಲೂ ಚಕ್ರವು ಬಿಗಿಯಾಗಿದ್ದರೆ ಕ್ಯಾಲಿಪರಿನ ಪಿಸ್ಟನ್ನೋ ಪಿನ್ನೋ ಹಿಡಿದುಕೊಂಡಿದೆ. ಪರೀಕ್ಷೆ ಮುಗಿದೊಡನೆ ಬ್ಲೀಡಿಂಗ್ ಮಾಡಿ ಒಳಸೇರಿದ ಗಾಳಿಯನ್ನು ಹೊರಗೆ ತೆಗೆಯದೆ ಗಾಡಿಯನ್ನು ರಸ್ತೆಗಿಳಿಸಲಾಗದು.

ಹೊಸ ಡಿಸ್ಕು ಹಾಕಿಸಿದ ಕೆಲವೇ ತಿಂಗಳಲ್ಲಿ ಪೆಡಲು ಮತ್ತೆ ನಡುಗುವ ದೂರು ಸಹ ಇದೇ ಜಾತಿಯದು. ಹಬ್ಬಿನ ಮುಖದ ತುಕ್ಕನ್ನು ಉಜ್ಜಿ ತೆಗೆಯದೆ ಡಿಸ್ಕನ್ನು ಕೂರಿಸಿದರೆ ಅದು ಅತಿ ಸ್ವಲ್ಪ ಓರೆಯಾಗಿ ತಿರುಗುತ್ತ ಎಲ್ಲೆಡೆಯೂ ಸಮನಾಗಿ ಸವೆಯದು; ಆ ಏರುಪೇರೇ ಪೆಡಲಿನ ನಡುಕವಾಗಿ ಪಾದಕ್ಕೆ ತಿಳಿಯುತ್ತದೆ.

ಇನ್ನು ಚಾಲಕನ ವಿಷಯ. 1,000 ಕಿಲೋಗ್ರಾಂ ತೂಕದ ಕಾರು 500 ಮೀಟರು ಎತ್ತರದ ಘಟ್ಟವನ್ನು ಇಳಿಯುವಾಗ ಕಳೆಯಬೇಕಾದ ಶಕ್ತಿಯು, ಅದನ್ನು ಗಂಟೆಗೆ 72 ಕಿಲೋಮೀಟರು ವೇಗದಿಂದ ಸುಮಾರು 25 ಸಲ ಪೂರ್ತಿಯಾಗಿ ನಿಲ್ಲಿಸುವುದಕ್ಕೆ ಸಮ. ಆಗುಂಬೆಯಿಂದ ಸೋಮೇಶ್ವರದವರೆಗೆ ಮೇಲಿನ ಗೇರಿನಲ್ಲಿಯೇ ಬಂದು ಬ್ರೇಕನ್ನು ಒತ್ತಿಕೊಂಡೇ ಇಳಿಯುವವನ ಗಾಡಿಯಲ್ಲಿ ಈ ಶಕ್ತಿಯ ಬಹುಭಾಗವು ಡಿಸ್ಕಿನಲ್ಲಿ ತಾಪವಾಗಿ ನಿಲ್ಲುತ್ತದೆ. ಎರಡನೆಯ ಗೇರಿನಲ್ಲಿ ಇಳಿಯುವವನಿಗೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ನೇ ಹೊತ್ತುಕೊಳ್ಳುತ್ತದೆ. ಘಟ್ಟದ ಬಸ್ಸಿನ ಚಾಲಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ತಾಪದ ಮಾತು ಬಂದ ಮೇಲೆ ಆಯಿಲಿನ ಮಾತೂ ಬರಲೇಬೇಕು. ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಬಳಸುವ ಡಾಟ್ 4 ವರ್ಗದ ಬ್ರೇಕ್ ಆಯಿಲು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ; ಆದರೆ ಅದು ಗಾಳಿಯ ತೇವವನ್ನು ಹೀರುವ ಸ್ವಭಾವದ್ದಾದುದರಿಂದ, ಶೇಕಡ 3.7ರಷ್ಟು ನೀರು ಸೇರಿದಾಗ ಆ ಮಿತಿಯು 155ಕ್ಕೆ ಇಳಿಯುತ್ತದೆ. ಅಲ್ಲದೆ ಆ ನೀರೇ ಸಿಲಿಂಡರುಗಳ ಒಳಮೈಗೆ ತುಕ್ಕು ಹಿಡಿಸಿ, ಹೊಸ ರಬ್ಬರ್ ಕಪ್ಪುಗಳನ್ನು ಒಂದರ ಹಿಂದೊಂದು ಗೀರಿ ಹಾಕುತ್ತದೆ. ಅನೇಕ ತಯಾರಕರು ಎರಡು ವರ್ಷಕ್ಕೊಮ್ಮೆ ಆಯಿಲನ್ನು ಬದಲಿಸಬೇಕೆಂದು ವಿಧಿಸಿರುವುದು ಈ ಕಾರಣದಿಂದ.

ಇವೆಲ್ಲಕ್ಕಿಂತ ಘೋರವಾದದ್ದು, ಆಯಿಲು ಕಡಮೆಯಾಯಿತೆಂದು ಅವಸರದಲ್ಲಿ ಎಂಜಿನ್ ಆಯಿಲನ್ನೋ ಪವರ್ ಸ್ಟಿಯರಿಂಗಿನದನ್ನೋ ಬ್ರೇಕ್ ಆಯಿಲಿನ ತೊಟ್ಟಿಗೆ ಸುರಿಯುವುದು. ಬ್ರೇಕಿನ ರಬ್ಬರು ಖನಿಜ ತೈಲವನ್ನು ತಾಳಲಾರದೆ ಊದಿಕೊಳ್ಳುತ್ತದೆ. ಮಾಸ್ಟರ್ ಸಿಲಿಂಡರನ್ನು ಬದಲಿಸಿದರೆ, ಕೊಳವೆಗಳಲ್ಲಿ ಉಳಿದ ತೈಲವು ಹೊಸದನ್ನೂ ಕೆಡಿಸುತ್ತದೆ. ಅದನ್ನು ಮತ್ತೆ ಬದಲಿಸುವಷ್ಟರಲ್ಲಿ ಚಕ್ರದ ಸೀಲುಗಳು ಊದಿರುತ್ತವೆ. ಇದಕ್ಕೆ ಕೊಳವೆಗಳನ್ನು ಸಂಪೂರ್ಣವಾಗಿ ತೊಳೆದು, ಆಯಿಲು ಮುಟ್ಟಿದ ಸಮಸ್ತ ರಬ್ಬರನ್ನೂ ಏಕಕಾಲಕ್ಕೆ ಬದಲಿಸುವುದೊಂದೇ ಚಿಕಿತ್ಸೆ. ನೋಡುವುದಕ್ಕೆ ಚೆನ್ನಾಗಿರುವ ಭಾಗಗಳನ್ನೂ ತೆಗೆಯಬೇಕೆನ್ನುವ ಮೇಸ್ತ್ರಿಯನ್ನು ಈ ಒಂದು ಪ್ರಸಂಗದಲ್ಲಿ ಮಾತ್ರ ಸಂದೇಹಿಸಬೇಕಾಗಿಲ್ಲ.